ಕಬ್ಬಿನ ಕಟಾವಿಗೆ ತಪ್ಪಿದ ಐದು ದಿನ

ಬಾಗಲಕೋಟೆ ಜಿಲ್ಲೆಯ ಮುಧೋಳದ ಸುತ್ತಲಿನ ಹಳ್ಳಿಗಳಲ್ಲಿ ವಿಕಿರಣ ಚಿಕಿತ್ಸೆಗೆ ‘ಕರೆಂಟು ಕೊಡುವುದು’ ಎನ್ನುತ್ತಾರೆ. ಒಂಬತ್ತು ವರ್ಷಗಳಿಂದ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನಾನು ಮಾಡುತ್ತಿರುವ ಕೆಲಸ ಅದೇ. ಕ್ಯಾನ್ಸರ್ ರೋಗಿಯನ್ನು ಲೀನಿಯರ್ ಆಕ್ಸಲರೇಟರ್ ಯಂತ್ರದ ಕೆಳಗೆ ಮಲಗಿಸಿ, ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಿ, ಕಿರಣ ಹಾಯಿಸುತ್ತೇನೆ. ಊರಿಗೆ ಬಂದಾಗ ‘ಎಕ್ಸ್-ರೇ ತೆಗೆಯುವವನು’ ಎಂದು ಪರಿಚಯಿಸುತ್ತಾರೆ. ಪ್ರತಿ ಸಲವೂ ಕುಳಿತು ಬಿಡಿಸಿ ಹೇಳುತ್ತೇನೆ. ಗೊತ್ತಿಲ್ಲದಿರುವುದರಿಂದ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ನಮ್ಮ ಕಾಕಾನಿಗೆ ಗಂಟಲಿನ ಕ್ಯಾನ್ಸರ್. ಮೂವತ್ತು ವರ್ಷ ಬೀಡಿ ಸೇದಿದವರು. ಪರ ಊರಿನ ಆಸ್ಪತ್ರೆಯಲ್ಲಿ 35 ಸಲ ಕರೆಂಟು ಬರೆದುಕೊಟ್ಟರು: ವಾರಕ್ಕೆ ಐದು ದಿನ, ಏಳು ವಾರ. ರೋಗದ ಹೆಸರನ್ನು ಮನೆಯವರು ಅವರಿಗೆ ಹೇಳಲಿಲ್ಲ. ‘ಗಂಟಲಲ್ಲಿ ಗಂಟಾಗಿದೆ’ ಎಂದಷ್ಟೇ ಹೇಳಿದ್ದರು. ನಾಲ್ಕನೆಯ ವಾರ ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗ್ ಬಂತು. ಆ ಪಾಳಿ ಕೈತಪ್ಪಿದರೆ ಮುಂದಿನದು ಯಾವಾಗಲೋ, ಕಬ್ಬು ಒಣಗಿ ತೂಕ ಇಳಿಯುತ್ತದೆ. ಕಾಕಾ ಐದು ದಿನ ಊರಲ್ಲೇ ಉಳಿದರು. ಫೋನಿನಲ್ಲಿ ನನಗೆ ಹೇಳಿದ್ದು ಕೆಲಸ ಮುಗಿದ ಮೇಲೆ: ‘ಕೊನೆಗೆ ಐದು ದಿನ ಜಾಸ್ತಿ ಹೋದರಾಯಿತಲ್ಲ, ತಮ್ಮಾ?’

ಆಗುವುದಿಲ್ಲ. ಚಿಕಿತ್ಸೆ ನಿಂತ ದಿನಗಳಲ್ಲಿ ಉಳಿದ ಕ್ಯಾನ್ಸರ್ ಜೀವಕೋಶಗಳು ಬೇಗ ಬೇಗ ಬೆಳೆಯುತ್ತವೆ. ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಉದ್ದವಾದರೆ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಶೇಕಡಾ 1ಕ್ಕಿಂತ ತುಸು ಹೆಚ್ಚೇ ಕುಗ್ಗುತ್ತದೆ ಎಂಬ ಅಂದಾಜಿದೆ. ಬ್ರಿಟನ್ನಿನಲ್ಲಿ ಇಂಥ ರೋಗಿಗಳ ಚಿಕಿತ್ಸೆ ಎರಡು ದಿನಕ್ಕಿಂತ ಹೆಚ್ಚು ಲಂಬಿಸಬಾರದೆಂಬ ಮಾರ್ಗಸೂಚಿಯೇ ಇದೆ. ಯಂತ್ರ ಕೆಟ್ಟರೆ, ಸೋಮವಾರ ರಜೆ ಬಂದರೆ, ಶನಿವಾರ ಕರೆಸುತ್ತೇವೆ; ಇಲ್ಲವೇ ಒಂದೇ ದಿನ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಕೊಡುತ್ತೇವೆ. ಇದನ್ನೆಲ್ಲ ಮೊದಲ ದಿನವೇ ರೋಗಿಗೇ, ಮಗನಿಗೋ ಅಳಿಯನಿಗೋ ಅಲ್ಲ, ಕೂರಿಸಿ ಹೇಳುತ್ತೇವೆ.

ಆ ಮಾತು ಬೇಕೇಬೇಕು. ಪ್ಲಾಸ್ಟಿಕ್ ಹಾಳೆಯೊಂದನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆಳೆದು ಒತ್ತಿದರೆ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಮೂಗು, ಗದ್ದ, ಹಣೆ ಎಲ್ಲದರ ಅಚ್ಚು. ದಿನವೂ ತಲೆ ಅಲುಗದಂತೆ ಆ ಮುಖವಾಡ ತೊಡಿಸಿ ಮಂಚಕ್ಕೆ ಬಿಗಿದು ನಾವು ಹೊರಗೆ ಬರುತ್ತೇವೆ. ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಯಲ್ಲಿ ರೋಗಿ ಒಬ್ಬರೇ. ಏಕೆ ಕಟ್ಟಿದ್ದಾರೆ ಎಂದು ತಿಳಿಯದವರಿಗೆ ಅದು ಎಂಥ ಹೆದರಿಕೆ! ಒಳಗೆ ಮಲಗಿ ವಿಠ್ಠಲನ ನಾಮ ಎಣಿಸುತ್ತಿದ್ದೆ ಎಂದು ಕಾಕಾ ಹೇಳಿದ್ದರು.

ನಮ್ಮ ಕಡೆಯದೆಲ್ಲ ಕಡಿಮೆ ಎನ್ನಲಾರೆ. ಕಾಕಾನ ಜೊತೆ ಸರದಿಯ ಮೇಲೆ ಮನೆಯವರು ಮೂರು ಮಂದಿ ಇರುತ್ತಿದ್ದರು. ಕಾಕಿ ಡಬ್ಬಿಯಲ್ಲಿ ತೆಳ್ಳನೆಯ ಗಂಜಿ ಒಯ್ಯುತ್ತಿದ್ದರು. ಇಲ್ಲಿ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ವಾಹನದಲ್ಲಿ ಒಬ್ಬರೇ ಬಂದು, ಒಬ್ಬರೇ ಹೋಗುವ ಮುದುಕರನ್ನು ವಾರವಾರವೂ ಕಾಣುತ್ತೇನೆ. ಆ ಒಂಟಿತನಕ್ಕೆ ನಮ್ಮ ಬಳಿ ಮಾರ್ಗಸೂಚಿಯಿಲ್ಲ.

ಆದರೂ ಒಂದು ಮಾತನ್ನು ಬಿಡಲಾರೆ. ಏಳು ವಾರದಲ್ಲಿ ನನ್ನಂತೆ ಕಿರಣ ಕೊಡುವ ಟೆಕ್ನಾಲಜಿಸ್ಟ್ ರೋಗಿಯನ್ನು 35 ಸಲ ನೋಡುತ್ತಾನೆ. ವೈದ್ಯರಿಗೂ ಅಷ್ಟು ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ನೋಂದಣಿಯಿಲ್ಲದೆ ನನ್ನ ಹುದ್ದೆಯ ಹೆಸರನ್ನು ಹೇಳಿಕೊಳ್ಳುವುದೇ ಕಾನೂನುಬಾಹಿರ. ಭಾರತದಲ್ಲೂ ಈ ವೃತ್ತಿಗಳಿಗಾಗಿ 2021ರಲ್ಲಿ ಕಾಯ್ದೆ ಬಂದಿದೆ. ಕಾಗದದ ಮಾನ್ಯತೆಯ ಜೊತೆಗೆ ಅಲ್ಲಿನ ಟೆಕ್ನಾಲಜಿಸ್ಟರಿಗೆ ರೋಗಿಯೊಡನೆ ಮಾತನಾಡುವ ಹೊತ್ತೂ ಅಧಿಕಾರವೂ ಸಿಗಬೇಕು. ಕಾಕಾನ ಆಸ್ಪತ್ರೆಯ ಹುಡುಗರು ರಾತ್ರಿಯವರೆಗೂ ದುಡಿಯುತ್ತಿದ್ದರು, ಹೊರಗೆ ಸಾಲು ಕರಗುತ್ತಲೇ ಇರಲಿಲ್ಲ. ಅವರನ್ನು ದೂರಲು ನನಗೆ ಮನಸ್ಸಿಲ್ಲ.

ಒಂದೂವರೆ ವರ್ಷಕ್ಕೆ ರೋಗ ಮರಳಿ ಬಂತು. ಆ ಐದು ದಿನವೇ ಕಾರಣ ಎನ್ನಲು ಬಾರದು. ಆದರೆ ನಾನು ಅದನ್ನು ಮರೆತಿಲ್ಲ.

ಹೋದ ವರ್ಷ ನಮ್ಮ ಓಣಿಯ ಅಕ್ಕನೊಬ್ಬರಿಗೆ ಕರೆಂಟು ಶುರುವಾದಾಗ ನಾನೇ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಕಾರ ಹುಣ್ಣಿಮೆಗೆ ಒಂದು ದಿನ ಊರಿಗೆ ಹೋಗಿಬರಲೇ ಎಂದರು. ನನ್ನನ್ನಲ್ಲ, ಅಲ್ಲಿ ಯಂತ್ರದ ಹತ್ತಿರ ಇರುವ ಹುಡುಗನನ್ನು ಕೇಳಿ ಎಂದೆ. ಅವನು ಕಾರ್ಡು ತೆಗೆದು ಬೆರಳಲ್ಲಿ ದಿನ ಎಣಿಸಿ, ವೈದ್ಯರನ್ನು ಕೇಳಿಕೊಂಡು ಬಂದು, ‘ಹೋಗಿ ಬನ್ನಿ ಅಕ್ಕಾ, ಶನಿವಾರ ಬೆಳಗ್ಗೆ ಎಂಟಕ್ಕೆ ಇಲ್ಲಿರಬೇಕು’ ಎಂದನಂತೆ.