ವಿಮಾನದಲ್ಲಿ ಒಂದೇ ಗಂಟೆಯಂತೆ, ಯಾರಿಗೆ?

"ಬೆಂಗಳೂರಿಂದ ಮಂಗಳೂರಿಗೆ ವಿಮಾನದಲ್ಲಿ ಒಂದು ಗಂಟೆ" ಅನ್ನುವ ಮಾತು ಕೇಳಿದರೆ ಈಗೀಗ ಮೈಯೆಲ್ಲ ಉರಿಯುತ್ತದೆ. ಟಿಕೆಟ್ ಆ್ಯಪ್ ತೆರೆದರೆ ಅದೇ ಅಂಕಿ ದಪ್ಪಕ್ಷರದಲ್ಲಿ ಕಾಣುತ್ತದೆ, ಅದರ ಕೆಳಗೆ ಬಸ್ಸಿಗೆ ಎಂಟು ಗಂಟೆ. ಊರಿನವರು ಅದನ್ನೇ ನಂಬಿಕೊಂಡು "ಒಂದು ಗಂಟೆಯ ದಾರಿ ಮಾರಾಯ, ಪೂಜೆಗೆ ಬಂದು ಹೋಗ್ಲಿಕ್ಕೆ ಆಗುದಿಲ್ವಾ" ಅಂತ ಕೇಳುತ್ತಾರೆ. ಏನು ಉತ್ತರ ಕೊಟ್ಟರೂ ನೆಪ ಹೇಳಿದ ಹಾಗೆ ಆಗುತ್ತದೆ.

ನನ್ನ ಮನೆ ಕೆಂಗೇರಿಯಲ್ಲಿ, ಊರು ಪುತ್ತೂರಿನ ಹತ್ತಿರ. ಮಂಗಳೂರು ನಮಗೆ ಪಶ್ಚಿಮಕ್ಕೆ. ವಿಮಾನ ಹಿಡಿಯಬೇಕೆಂದರೆ ಮೊದಲು ಅದರ ಉಲ್ಟಾ ದಿಕ್ಕಿಗೆ, ದೇವನಹಳ್ಳಿ ಕಡೆಗೆ, ಇಡೀ ಬೆಂಗಳೂರನ್ನು ಅಡ್ಡ ಸೀಳಿಕೊಂಡು 50 ಕಿ.ಮೀ. ಆಸುಪಾಸು ಹೋಗಬೇಕು. ನಾಯಂಡಹಳ್ಳಿ, ಮೆಜೆಸ್ಟಿಕ್, ಮೇಖ್ರಿ ಸರ್ಕಲ್, ಆಮೇಲೆ ಹೆಬ್ಬಾಳ. ಸಂಜೆ ಹೊತ್ತಲ್ಲಿ ಒಂದು ಮಳೆ ಬಿದ್ದರೆ ಹೆಬ್ಬಾಳದಲ್ಲೇ ಜೀವ ಹೋಗುತ್ತದೆ. 2008ರಲ್ಲಿ ಊರೊಳಗಿನ ಹಳೆಯ ಎಚ್‌ಎಎಲ್‌ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು, ಅಲ್ಲಿಗೆ ಮೆಟ್ರೊ ಹಾಕುವ ಕೆಲಸ ಇನ್ನೂ ನಡೆಯುತ್ತಲೇ ಇದೆ. ಚೆಕ್-ಇನ್ ಕೌಂಟರ್ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಅದಕ್ಕೆ ಎರಡು ಗಂಟೆ ಮುಂಚೆ ಬನ್ನಿ ಅನ್ನುತ್ತಾರೆ. ದಾರಿಯನ್ನು ನಂಬುವ ಹಾಗಿಲ್ಲವಲ್ಲ, ಹಾಗಾಗಿ ನಾವು ಇನ್ನೂ ಬೇಗ ಹೊರಡುತ್ತೇವೆ.

ಆ ಒಂದು ಗಂಟೆ ಲೆಕ್ಕ ಎರಡು ವಿಮಾನ ನಿಲ್ದಾಣಗಳ ನಡುವಿನದು ಮಾತ್ರ. ನೇರ ಗೆರೆ ಎಳೆದರೆ 300 ಕಿ.ಮೀ. ಚಿಲ್ಲರೆ. ಕೆಲವು ಸೈಟ್‌ಗಳು ಈ ಗೆರೆಯನ್ನು ಜೆಟ್ ವಿಮಾನದ ವೇಗದಿಂದ ಭಾಗಿಸಿ ಇನ್ನೂ ಕಡಿಮೆ ಸಮಯ ತೋರಿಸುತ್ತವೆ. ಹೋಗುವುದು ಜೆಟ್ಟೋ, ಗಂಟೆಗೆ 500 ಕಿ.ಮೀ. ಹೋಗುವ ಪ್ರೊಪೆಲ್ಲರಿನ ಸಣ್ಣ ವಿಮಾನ ಎಟಿಆರೋ ಅಂತಲೂ ನೋಡುವುದಿಲ್ಲ. ರನ್‌ವೇ ಮೇಲೆ ಯಾರ ಮನೆ ಇದೆ ಸ್ವಾಮಿ?

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ ಇಳಿದರೂ ಮುಗಿಯಲಿಲ್ಲ. ಅದು ಗುಡ್ಡದ ತುದಿಯ ನಿಲ್ದಾಣ, ಮಳೆಗಾಲದಲ್ಲಿ ಮಂಜು ಮುಸುಕಿದರೆ ಕೆಲವೊಮ್ಮೆ ವಿಮಾನವನ್ನು ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸುತ್ತಾರೆ. ಸುರಕ್ಷತೆ ಮುಖ್ಯ, ಅದಕ್ಕೆ ನನ್ನ ತಕರಾರಿಲ್ಲ. ಸರಿಯಾಗಿ ಇಳಿದ ದಿನವೂ ಬ್ಯಾಗಿಗೆ ಕಾಯಬೇಕು, ಟ್ಯಾಕ್ಸಿಯವರ ಜೊತೆ ಚೌಕಾಸಿ ಮಾಡಬೇಕು, ಆಮೇಲೆ ಕೈಕಂಬ, ಬಿ.ಸಿ.ರೋಡ್, ಮಾಣಿ ದಾಟಿ ಮತ್ತೆ 50 ಕಿ.ಮೀ.ಗಿಂತ ಜಾಸ್ತಿ. ಎಲ್ಲ ಸೇರಿಸಿದರೆ ಏಳು ಗಂಟೆ ಸುಮ್ನೆ ಆಗುತ್ತದೆ. ಎರಡೂ ಕಡೆಯ ಟ್ಯಾಕ್ಸಿಗೆ ಕೊಟ್ಟ ದುಡ್ಡು ಕೆಲವು ಸಲ ವಿಮಾನದ ಟಿಕೆಟ್ಟನ್ನೇ ಮೀರಿಸುತ್ತದೆ. ಮಡಿಕೇರಿ ಮೇಲೆ ಬರುವ ರಾತ್ರಿ ಬಸ್ಸು ಕೆಂಗೇರಿಯಲ್ಲೇ ಹತ್ತಿಸಿಕೊಂಡು ಬೆಳಗಾಗುವಾಗ ಪುತ್ತೂರಲ್ಲಿ ಇಳಿಸುತ್ತದೆ. ನಿದ್ದೆಯೂ ಆಗಿರುತ್ತದೆ.

ಗಟ್ಟಿಮುಟ್ಟಾಗಿರುವ ನಮಗೇ ಇಷ್ಟು ಕಷ್ಟ. ಮಂಡಿನೋವಿನ ಅಮ್ಮನಿಗೆ "ಒಂದೇ ಗಂಟೆ, ಆರಾಮ" ಅಂತ ಟಿಕೆಟ್ ಮಾಡಿಸುವ ಮಕ್ಕಳಿಗೆ ಇದೆಲ್ಲ ಮೊದಲೇ ಗೊತ್ತಾಗಬೇಡವಾ? ಹತ್ತುವ ಜಾಗ, ಇಳಿಯುವ ಊರು ಕೇಳಿ ಒಟ್ಟು ಸಮಯ ತೋರಿಸುವುದು ಆ್ಯಪ್‌ನವರಿಗೆ ದೊಡ್ಡ ವಿಷಯವೇ ಅಲ್ಲ. ರಸ್ತೆಯ ಟ್ರಾಫಿಕ್ ಲೆಕ್ಕ ಎಲ್ಲರ ಫೋನಲ್ಲೂ ಇದೆ. ತೋರಿಸಿದರೆ ಟಿಕೆಟ್ ಮಾರಾಟ ಕಡಿಮೆಯಾಗುತ್ತದೆ ಅನ್ನುವ ಭಯ, ಅಷ್ಟೇ. ಬಸ್ಸಿನ ಎಂಟು ಗಂಟೆಯ ಪಕ್ಕದಲ್ಲಿ ವಿಮಾನದ ಏಳು ಗಂಟೆಯನ್ನೂ ಬರೆಯಿರಿ. ಆಮೇಲೆ ಯಾವುದರಲ್ಲಿ ಹೋಗಬೇಕು ಅಂತ ನಾವು ನೋಡಿಕೊಳ್ಳುತ್ತೇವೆ.