ಸ್ಪಷ್ಟನೆ: ವ್ಯಾಲ್ಯೂಗೆಟರ್, ವ್ಯಾಲ್ಯೂಫಾರ್ಮ್ಯಾಟರ್ ಎರಡೂ ಒಂದೇ ಅಲ್ಲ

ಎಜಿ ಗ್ರಿಡ್ ಎಂದರೆ ವೆಬ್ ಪುಟದಲ್ಲಿ ದತ್ತಾಂಶವನ್ನು ಕೋಷ್ಟಕವಾಗಿ ತೋರಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ; ವ್ಯಾಲ್ಯೂಗೆಟರ್, ವ್ಯಾಲ್ಯೂಫಾರ್ಮ್ಯಾಟರ್ ಅದರ ಕಾಲಂಗೆ ಕೊಡುವ ಎರಡು ಫಂಕ್ಷನ್‌ಗಳು. ‘ಎಜಿ ಗ್ರಿಡ್‌ನಲ್ಲಿ ದಿನಾಂಕದ ರೂಪ ಬದಲಿಸಲು, ಎರಡು ಫೀಲ್ಡ್ ಜೋಡಿಸಲು ವ್ಯಾಲ್ಯೂಗೆಟರ್ ಆದರೂ ಸರಿ, ವ್ಯಾಲ್ಯೂಫಾರ್ಮ್ಯಾಟರ್ ಆದರೂ ಸರಿ’ ಎಂಬ ಸಲಹೆ ಡೆವಲಪರ್‌ಗಳ ನಡುವೆ ಹರಿದಾಡುತ್ತಿದೆ. ಇದು ತಪ್ಪು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುವುದರಿಂದಲೇ ಈ ತಪ್ಪು ಬೇಗ ಸಿಕ್ಕಿಬೀಳುವುದಿಲ್ಲ.

ಗೆಟರ್ ಕೋಶದ ಮೌಲ್ಯವನ್ನೇ ಕೊಡುತ್ತದೆ. ಸಾರ್ಟ್, ಫಿಲ್ಟರ್ ನಡೆಯುವುದು ಅದರ ಮೇಲೆ. ಫಾರ್ಮ್ಯಾಟರ್ ಬದಲಿಸುವುದು ಕಾಣುವ ರೂಪವನ್ನು ಮಾತ್ರ. ಗೆಟರ್‌ನಲ್ಲಿ ದಿನಾಂಕವನ್ನು ಪಠ್ಯವಾಗಿಸಿದರೆ ಏನಾಗುತ್ತದೆ ನೋಡಿ: 05-11-2024, 12-01-2023, 20-03-2022. ಏರಿಕೆಯ ಕ್ರಮದಲ್ಲಿ ಸಾರ್ಟ್ ಮಾಡಿದರೂ ಇದೇ ಸಾಲು ಉಳಿಯುತ್ತದೆ, ಹೊಸದೇ ಮೊದಲು! ಪಠ್ಯವನ್ನು ಎಡದಿಂದ ಒಂದೊಂದೇ ಅಕ್ಷರವಾಗಿ ಹೋಲಿಸುವುದೇ ಕಾರಣ. ಬಾಕಿ ಬಿಲ್‌ಗಳ ಪಟ್ಟಿಯಲ್ಲಿ ಹೀಗಾದರೆ ಹಳೆಯ ಬಿಲ್ ಕೊನೆಯ ಪುಟಕ್ಕೆ ಹೋಗಿ ಕೂರುತ್ತದೆ. ಆದ್ದರಿಂದ ಮೌಲ್ಯ ಡೇಟ್ ಆಬ್ಜೆಕ್ಟ್ (ಪಠ್ಯವಲ್ಲ, ಜಾವಾಸ್ಕ್ರಿಪ್ಟ್ ದಿನಾಂಕವೆಂದೇ ಗುರುತಿಸುವ ಮೌಲ್ಯ) ಆಗಿಯೇ ಇರಲಿ, ದಿನ-ತಿಂಗಳು-ವರ್ಷದ ರೂಪವನ್ನು ಫಾರ್ಮ್ಯಾಟರ್ ಕೊಡಲಿ.

ಹೆಸರು ಮತ್ತು ಅಡ್ಡಹೆಸರು (ಸರ್‌ನೇಮ್) ಜೋಡಿಸುವಾಗ ಲೆಕ್ಕ ತಿರುಗುಮುರುಗು. ಫಾರ್ಮ್ಯಾಟರ್‌ನಲ್ಲಿ ಜೋಡಿಸಿದರೆ ಪಠ್ಯದ ಫಿಲ್ಟರ್‌ಗೆ ಅಡ್ಡಹೆಸರು ಸಿಗುವುದೇ ಇಲ್ಲ. ಇಲ್ಲಿ ಗೆಟರ್ ಬೇಕು. ನಮ್ಮಲ್ಲಿ ಅಡ್ಡಹೆಸರೇ ಇಲ್ಲದವರು ಬಹಳ. ಖಾಲಿ ಫೀಲ್ಡನ್ನು ಮೊದಲೇ ಬಿಟ್ಟು ಜೋಡಿಸಿ, ಇಲ್ಲವಾದರೆ ಅವರ ಹೆಸರಿನ ಪಕ್ಕ ‘ನಲ್’ (null, ಅಂದರೆ ಖಾಲಿ) ಎಂದು ಅಚ್ಚಾಗುತ್ತದೆ.

ಇನ್ನೊಂದು ಮಾತು. ಜಾವಾಸ್ಕ್ರಿಪ್ಟ್ ‘2024-11-05’ ಎಂಬ ಬರೀ ದಿನಾಂಕವನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿ ಎಂದು ಓದುತ್ತದೆ. ಬೆಂಗಳೂರಿನಲ್ಲಿ ಅದು ಬೆಳಗಿನ 5:30, ದಿನ ಬದಲಾಗದು. ನ್ಯೂಯಾರ್ಕ್‌ನಲ್ಲಿ ತೆರೆದರೆ ನವೆಂಬರ್ 4 ಕಾಣುತ್ತದೆ. ವರ್ಷ, ತಿಂಗಳು, ದಿನವನ್ನು ಬಿಡಿಸಿ ಸ್ಥಳೀಯ ದಿನಾಂಕ ಕಟ್ಟಿದರೆ ಈ ತೊಂದರೆ ಇರದು. ತಿಂಗಳು 0ಯಿಂದ ಶುರು (ಜನವರಿ ಎಂದರೆ 0) ಎಂಬುದು ನೆನಪಿರಲಿ.