ಹಪ್ಪಳಕ್ಕೊಂದು ಲೋಗೊ

ಗಾಂಧಿ ಬಜಾರಿನ ಒಂದು ಅಡ್ಡರಸ್ತೆಯಲ್ಲಿ ನಮ್ಮ ಚಿಕ್ಕಪ್ಪನ ಅಂಗಡಿ ಇದೆ. ಅದಕ್ಕೆ ಐವತ್ತು ವರ್ಷದಿಂದ ಒಂದು ಹೆಸರೂ ಇತ್ತು, ಆದರೆ ಅದನ್ನು ಓದಿದವರು ಯಾರೂ ಇರಲಿಲ್ಲ. 'ಶ್ರೀ' ಎಂದು ಶುರುವಾಗಿ, ನಡುವೆ ಒಬ್ಬ ದೇವರು ಬಂದು, 'ಅಂಡ್ ಸನ್ಸ್' ಎಂದು ಮುಗಿಯುವ ಹೆಸರು. ಜನ ಕರೆಯುವುದು 'ಹಪ್ಪಳದಂಗಡಿ' ಅಂತ. ಸ್ವಲ್ಪ ಹಳೇ ಗಿರಾಕಿಗಳು 'ಆ ಸಿಡುಕು ಯಜಮಾನರ ಅಂಗಡಿ' ಅನ್ನುತ್ತಾರೆ. ಹಪ್ಪಳ, ಸಂಡಿಗೆ, ಬಾಳಕ, ಪುಳಿಯೋಗರೆ ಗೊಜ್ಜು, ಸಾರಿನ ಪುಡಿ. ಸೂರಿಗೆ ತೂಗುಹಾಕಿದ ನೂಲಿನ ಉಂಡೆಯಿಂದ ದಾರ ಎಳೆದು, ಪೇಪರ್ ಪೊಟ್ಟಣಕ್ಕೆ ಎರಡು ಸುತ್ತು ಸುತ್ತಿ, ಕತ್ತರಿ ಇಲ್ಲದೆ ಪಟ್ಟನೆ ಕೀಳುವುದು ಚಿಕ್ಕಪ್ಪನ ವಿದ್ಯೆ. 'ಅಪ್ಪೆಮಿಡಿ ಇದೆಯಾ?' ಅಂದರೆ 'ಇದ್ದಿದ್ರೆ ಕಾಣ್ತಿರಲಿಲ್ವಾ?' ಅನ್ನುವುದು ಗಿರಾಕಿ ಸೇವೆ.

ಇಂಥ ಅಂಗಡಿಗೆ ಹೋದ ವರ್ಷ ಬ್ರ್ಯಾಂಡ್ ಐಡೆಂಟಿಟಿ ಇಲ್ಲ ಎಂಬ ಕಾಯಿಲೆ ಪತ್ತೆಯಾಯಿತು. ಪತ್ತೆ ಮಾಡಿದವನು ಚಿಕ್ಕಪ್ಪನ ಮಗ. ಐಟಿ ಕೆಲಸ ಬಿಟ್ಟು ವ್ಯಾಪಾರ ನೋಡಿಕೊಳ್ಳುತ್ತೇನೆ ಎಂದು ಬಂದವನು ಮೊದಲ ವಾರವೇ ಅಪ್ಪನನ್ನು ಕೋರಮಂಗಲದ ಒಂದು ಬ್ರ್ಯಾಂಡಿಂಗ್ ಕಂಪನಿಗೆ ಕರೆದುಕೊಂಡು ಹೋದ. ನಾನೂ ಜೊತೆಗಿದ್ದೆ, ಕಾಫಿ ಚೆನ್ನಾಗಿರುತ್ತದೆ ಅಂದಿದ್ದರಿಂದ.

ಕೂರುವುದಕ್ಕೆ ಕುರ್ಚಿ ಇರಲಿಲ್ಲ, ಬೀನ್ ಬ್ಯಾಗ್ ಇತ್ತು. ಎಪ್ಪತ್ತೆರಡರ ಚಿಕ್ಕಪ್ಪ ಅದರೊಳಗೆ ಇಳಿದವರು ಆಮೇಲೆ ಎದ್ದಿದ್ದು ಇಬ್ಬರು ಹಿಡಿದು ಎತ್ತಿದಾಗಲೇ. ಎದುರಿಗಿದ್ದ ಗಡ್ಡದ ಹುಡುಗ ಕೇಳಿದ: "ಅಂಕಲ್, ನಿಮ್ಮ ವೈ ಏನು?"

"ಎಪ್ಪತ್ತೆರಡು."

"ಅಲ್ಲ ಅಂಕಲ್, ವೈ ಅಂದ್ರೆ... ನೀವು ಯಾಕೆ ಹಪ್ಪಳ ಮಾಡ್ತೀರಿ?"

"ಜನ ತಿಂತಾರೆ, ಅದಕ್ಕೆ."

ಹುಡುಗ ಏನೋ ಬರೆದುಕೊಂಡ. ಆಮೇಲೆ, ನಿಮ್ಮ ಬ್ರ್ಯಾಂಡ್ ಒಬ್ಬ ಮನುಷ್ಯ ಆಗಿದ್ದಿದ್ದರೆ ಹೇಗಿರುತ್ತಿದ್ದ ಎಂದು ಕೇಳಿದ. ಚಿಕ್ಕಪ್ಪ, "ನನ್ನ ಥರಾನೇ ಇರ್ತಿದ್ದ, ಇನ್ಯಾರ ಥರ ಇರ್ತಾನೆ?" ಅಂದರು. ಅದನ್ನೂ ಬರೆದುಕೊಂಡ. ಮೂರು ವಾರದ ನಂತರ ಬಂದ 84 ಸ್ಲೈಡುಗಳ ಪ್ರೆಸೆಂಟೇಶನ್‌ನಲ್ಲಿ ಈ ಎರಡು ಉತ್ತರಗಳು ಸೇರಿ 'ಅಥೆಂಟಿಕ್' ಎಂಬ ಒಂದೇ ಪದವಾಗಿದ್ದವು. ಅದು ಒಂದಿಡೀ ಸ್ಲೈಡಿನಲ್ಲಿ ಒಂಟಿಯಾಗಿ ನಿಂತಿತ್ತು. ಮೂರು ಲಕ್ಷ ರೂಪಾಯಿಯನ್ನು 84ರಿಂದ ಭಾಗಿಸಿ ಆ ಒಂದು ಪದಕ್ಕೆ ಎಷ್ಟು ಬಿತ್ತು ಎಂದು ಚಿಕ್ಕಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಜಿಎಸ್‌ಟಿ 18 ಪರ್ಸೆಂಟ್ ಬೇರೆ.

ಮೊದಲ ಇಪ್ಪತ್ತು ಸ್ಲೈಡು ನೈಕಿ, ಆ್ಯಪಲ್ ಮುಂತಾದ ಮಹಾತ್ಮರ ಚರಿತ್ರೆ. ನೈಕಿಯ ಆ ಬಾಗಿದ ಗೀಟನ್ನು 1971ರಲ್ಲಿ ಒಬ್ಬ ವಿದ್ಯಾರ್ಥಿನಿ 35 ಡಾಲರಿಗೆ ಬರೆದುಕೊಟ್ಟಳು ಎಂಬ ಸಂಗತಿ ಮಾತ್ರ ಎಲ್ಲೂ ಕಾಣಲಿಲ್ಲ. ಅಮೆರಿಕದ ಟ್ರಾಪಿಕಾನಾ ಜ್ಯೂಸಿನವರು 2009ರಲ್ಲಿ ಪೊಟ್ಟಣದ ಮೇಲಿನ ಕಿತ್ತಳೆ ಹಣ್ಣು ತೆಗೆದು ಹೊಸ ವೇಷ ಹಾಕಿದ್ದು, ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇ 20ರಷ್ಟು ಕುಸಿದು ಹಳೇ ಹಣ್ಣಿಗೇ ಮರಳಿದ್ದು, 2010ರಲ್ಲಿ ಗ್ಯಾಪ್ ಬಟ್ಟೆಯವರು ಹೊಸ ಲೋಗೊವನ್ನು ಒಂದೇ ವಾರದಲ್ಲಿ ವಾಪಸ್ ತಗೊಂಡಿದ್ದು, ಇವೂ ಇರಲಿಲ್ಲ. ನಾನು ಕೆಮ್ಮಿ ನೆನಪಿಸಿದೆ. "ನೋಡಿ, ಅಷ್ಟು ದೊಡ್ಡವರೇ ಧೈರ್ಯ ಮಾಡ್ತಾರೆ" ಅಂದ ಗಡ್ಡದ ಹುಡುಗ.

ಇಪ್ಪತ್ತೊಂದನೇ ಸ್ಲೈಡಿನಲ್ಲಿ ಲೋಗೊ. ಅದೊಂದು ವೃತ್ತ, ಆದರೆ ಪೂರ್ತಿ ವೃತ್ತವಲ್ಲ, ಒಂದು ಕಡೆ ಸೊಟ್ಟ. ಕೈಯ ಸ್ಪರ್ಶ, ಅಪೂರ್ಣತೆಯ ಸೌಂದರ್ಯ ಎಂದೆಲ್ಲ ವಿವರಣೆ ಬಂತು. ಸುತ್ತ ಎಷ್ಟು ಜಾಗ ಖಾಲಿ ಬಿಡಬೇಕು, ಯಾವ ಬಣ್ಣದ ಮೇಲೆ ಇದನ್ನು ಇಡಕೂಡದು ಎಂಬುದಕ್ಕೆ ಆರು ಸ್ಲೈಡು. ಮಡಿ ಮೈಲಿಗೆ ಕೋರಮಂಗಲದಲ್ಲಿ ಇಷ್ಟು ಕಟ್ಟುನಿಟ್ಟಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಸಂಜೆ ಚಿಕ್ಕಮ್ಮನಿಗೆ ಫೋನಿನಲ್ಲಿ ತೋರಿಸಿದೆವು. ನಲವತ್ತು ವರ್ಷ ಹಪ್ಪಳ ಲಟ್ಟಿಸಿದ ಚಿಕ್ಕಮ್ಮ ಕೇಳಿದ್ದು ಒಂದೇ: "ಯಾರು, ಹೊಸದಾಗಿ ಸೇರಿದ ಹುಡುಗಿ ಲಟ್ಟಿಸಿದ್ದಾ?"

ಹೆಸರಿನ ವಿಷಯದಲ್ಲಿ ಮಾತ್ರ ಕಂಪನಿಯವರ ತರ್ಕಕ್ಕೆ ಒಂದು ಕಾಲು ಇತ್ತು. ಹಪ್ಪಳ ಮಾರುವವನು 'ಹಪ್ಪಳ' ಎಂಬ ಪದವನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಹೋದರೆ ಸಿಗುವುದಿಲ್ಲ. ಸರಕಿನ ಹೆಸರು ಎಲ್ಲರ ಸೊತ್ತು ಎನ್ನುತ್ತದೆ 1999ರ ಕಾಯ್ದೆ. ಸರಿ. ಇದಕ್ಕೆ ಅವರು ಕಂಡುಕೊಂಡ ಪರಿಹಾರ: ಹಪ್ಪಳವನ್ನು ಇಂಗ್ಲಿಷಿನಲ್ಲಿ ಬರೆದು, ಸ್ವರಗಳನ್ನೆಲ್ಲ ಕಿತ್ತು ಹಾಕುವುದು. ಉಳಿದದ್ದು ಎಚ್‌ಪಿಪಿಎಲ್. ಹಪ್ಪಳವನ್ನು ಎಣ್ಣೆಗೆ ಬಿಟ್ಟರೆ ಹಿಗ್ಗುತ್ತದೆ, ಕೋರಮಂಗಲಕ್ಕೆ ಬಿಟ್ಟರೆ ಕುಗ್ಗುತ್ತದೆ. ಬೋರ್ಡು ಏರಿದ ಮೊದಲ ವಾರ ಮೂರು ಜನ ಬಂದು 'ಸಿಲಿಂಡರ್ ಬುಕಿಂಗ್ ಇಲ್ಲೇನಾ?' ಎಂದು ಕೇಳಿದರು. ಚಿಕ್ಕಪ್ಪ ಅವರಿಗೆ ಉತ್ತರಿಸಿದ ರೀತಿ ಬ್ರ್ಯಾಂಡಿನ ಟೋನ್ ಆಫ್ ವಾಯ್ಸ್‌ಗೆ ಹೊಂದುವಂತಿರಲಿಲ್ಲ. ಗೈಡ್‌ಲೈನ್ಸ್ ಪ್ರಕಾರ ಅದು 'ಬೆಚ್ಚಗೆ, ತುಂಟತನದಿಂದ' ಇರಬೇಕಿತ್ತು.

ಬೋರ್ಡಿನ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಬರೀ ಇಂಗ್ಲಿಷಿನಲ್ಲಿತ್ತು. 2024ರಲ್ಲಿ ತಿದ್ದಿದ ಕಾನೂನಿನಂತೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ನೋಟಿಸು ಬಂತು. ಕಂಪನಿಯವರು ಟೇಪು ಹಿಡಿದು ಅಳೆದು, ಮೇಲಿನ 60 ಭಾಗದಲ್ಲಿ ಕನ್ನಡ ಅಕ್ಷರದಲ್ಲಿ 'ಎಚ್‌ಪಿಪಿಎಲ್' ಎಂದು ಬರೆಸಿದರು. ಪರಿಶೀಲನೆಗೆ ಬಂದವರು ತಲೆ ಎತ್ತಿ ಬಹಳ ಹೊತ್ತು ನೋಡಿದರು. "ಅಕ್ಷರ ಕನ್ನಡ ಸರಿ ಸ್ವಾಮಿ, ಇದು ಯಾವ ಭಾಷೆ ಪದ?" ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅದರ ಕೆಳಗೆ ಸರಕಿನ ಪಟ್ಟಿಯನ್ನಾದರೂ ಕನ್ನಡದಲ್ಲಿ ಹಾಕಿ ಎಂದಾಯಿತು.

ಹಾಕಿದರು. 'ಹಪ್‌ಪಳ, ಸಂಡಿಗೆ, ಉಪ್‌ಪಿನಕಾಯಿ.'

ಬೆಂಗಳೂರಿನಲ್ಲಿ ಕಣ್ಣಿರುವವರೆಲ್ಲ ಈ ರೋಗವನ್ನು ನೋಡಿರುತ್ತಾರೆ. ಡಿಸೈನ್ ಸಾಫ್ಟ್‌ವೇರಿಗೆ ಭಾರತೀಯ ಲಿಪಿ ಜೋಡಿಸುವ ಆಯ್ಕೆಯನ್ನು ಹೇಳಿ ಆನ್ ಮಾಡದಿದ್ದರೆ ಅದು ಒತ್ತಕ್ಷರವನ್ನು ಅಕ್ಷರದ ಕೆಳಗೆ ಕೂರಿಸುವುದಿಲ್ಲ, ಪಕ್ಕದಲ್ಲಿ ಬಿಡಿಯಾಗಿ ನಿಲ್ಲಿಸುತ್ತದೆ. ಒಂದು ಕ್ಲಿಕ್ಕಿನ ಕೆಲಸ. ಕನ್ನಡ ಓದುವ ಒಬ್ಬರು ಕೊನೆಯಲ್ಲಿ ಒಮ್ಮೆ ನೋಡಿದರೆ ಸಾಕು. ಆದರೆ 84 ಸ್ಲೈಡು ಮಾಡಿದ ಹನ್ನೊಂದು ಜನರಲ್ಲಿ ಹಾಗೆ ನೋಡುವವರು ಇರಲಿಲ್ಲ. ಕೇಳಿದ್ದಕ್ಕೆ, "ಅಂಕಲ್, ಈಗ ಇದೇ ಮಾಡರ್ನ್ ಲುಕ್" ಎಂಬ ಸಮಾಧಾನ ಬಂತು.

ಹಳೇ ಬೋರ್ಡು ಬರೆದಿದ್ದು ಅದೇ ಬೀದಿಯ ಒಬ್ಬ ಪೇಂಟರ್. ತಗಡಿನ ಮೇಲೆ ಸುಣ್ಣ ಹಚ್ಚಿದ ದಾರ ಎಳೆದು ಹಿಡಿದು ಚಟ್ ಎಂದು ಗೆರೆ ಹೊಡೆಯುವುದು, ಒತ್ತು ಬೀಳುವ ಕಡೆ ನಾಲ್ಕು ಬೆರಳು ಜಾಗ ಮೊದಲೇ ಬಿಡುವುದು, ಆಮೇಲೆ ಎನಾಮಲ್. ಹಳದಿಗೆ ಕೆಂಪು ನೆರಳು. ಕೆಳಗೆ ಮೂಲೆಯಲ್ಲಿ ಆರಂಕಿಯ ಫೋನ್ ನಂಬರು. ಆಗ ಅವರು ತೆಗೆದುಕೊಂಡಿದ್ದು ಇನ್ನೂರು ರೂಪಾಯಿ ಮತ್ತು ಅರ್ಧ ಕೆಜಿ ಉದ್ದಿನ ಹಪ್ಪಳ.

ಪ್ಯಾಕೆಟ್ಟಿನದು ಇನ್ನೊಂದು ರಾಮಾಯಣ. ಸ್ಕ್ರೀನಿನ ಮೇಲೆ ಅರಿಶಿನದಂತೆ ಹೊಳೆಯುತ್ತಿದ್ದ ಬಣ್ಣ ಪ್ರಿಂಟಾಗಿ ಬಂದಾಗ ಕೆಸರಾಗಿತ್ತು. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ನಾಲ್ಕು ಶಾಯಿಯಿಂದ. ಸುಲ್ತಾನ್‌ಪೇಟೆಯಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುವ ಯಾರನ್ನು ಕೇಳಿದ್ದರೂ ಪುಕ್ಕಟೆ ಹೇಳುತ್ತಿದ್ದರು. ಅದಕ್ಕಿಂತ ಮಜಾ ಆಗಿದ್ದು ಹಸಿರು ಚುಕ್ಕಿಯಲ್ಲಿ. ಸಸ್ಯಾಹಾರ ಎಂದು ತೋರಿಸಲು ಚೌಕದೊಳಗೆ ಹಸಿರು ಚುಕ್ಕಿ ಇಡುವುದು ಕಡ್ಡಾಯ ತಾನೆ? ನಮ್ಮ ಪ್ಯಾಲೆಟ್‌ನಲ್ಲಿ ಹಸಿರಿಲ್ಲ ಎಂದು ಅದನ್ನು ಇಟ್ಟಿಗೆ ಬಣ್ಣಕ್ಕೆ ತಿರುಗಿಸಿದ್ದರು. ಅಂದರೆ ಮಡಿಯಲ್ಲಿ ಲಟ್ಟಿಸಿದ ನಮ್ಮ ಚಿಕ್ಕಮ್ಮನ ಹಪ್ಪಳ ದೂರದಿಂದ ನೋಡಿದವರಿಗೆ ಮಾಂಸಾಹಾರ. ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರನ್ನು 'ಕ್ಲಟರ್' ಎಂದು ತೆಗೆದಿದ್ದರು. ಬದಲಿಗೆ ಹೆಸರಿನ ಪಕ್ಕ ವೃತ್ತದೊಳಗಿನ ಆರ್ ಇಟ್ಟಿದ್ದರು. ಟ್ರೇಡ್‌ಮಾರ್ಕ್ ಅರ್ಜಿ ಇನ್ನೂ ಹಾಕಿರಲೇ ಇಲ್ಲ, ನೋಂದಣಿಯಾಗದೆ ಅದನ್ನು ಹಾಕಿಕೊಳ್ಳುವುದು ತಪ್ಪು. ಇರಲೇಬೇಕಾದದ್ದು ಇಲ್ಲ, ಇರಕೂಡದ್ದು ಇದೆ. ಹತ್ತು ಸಾವಿರ ಪ್ಯಾಕೆಟ್ ಮಹಡಿಯಲ್ಲಿ ಬಿದ್ದಿವೆ, ಮಕ್ಕಳು ರಫ್ ಲೆಕ್ಕ ಮಾಡುತ್ತಾರೆ.

ಚಿಕ್ಕಪ್ಪನ ಮಗನೊಬ್ಬನನ್ನೇ ಬೈದು ಏನು ಪ್ರಯೋಜನ? ಊರಿಗೇ ಈ ಗೀಳು. 2014ರ ನವೆಂಬರ್ 1ಕ್ಕೆ ಬ್ಯಾಂಗಲೋರ್ ಹೋಗಿ ಬೆಂಗಳೂರು ಆಯಿತು, ಅದು ಒಳ್ಳೆಯದೇ, ನಾವು ಮೊದಲಿಂದಲೂ ಹಾಗೇ ಕರೆಯುತ್ತಿದ್ದೆವು. 2017ರ ಡಿಸೆಂಬರಿನಲ್ಲಿ ಊರಿಗೇ ಒಂದು ಲೋಗೊ ಬಂತು. ಇಂಗ್ಲಿಷಿನ ಹೆಸರಿನಲ್ಲಿ ಮೊದಲ ಎರಡು ಅಕ್ಷರ ಮತ್ತು ಕೊನೆಯ ಒಂದು ಮಾತ್ರ ಕೆಂಪು: 'ಬಿ ಯು', ನೀನು ನೀನಾಗಿರು. ಸಿಲ್ಕ್ ಬೋರ್ಡಿನಲ್ಲಿ ಮುಕ್ಕಾಲು ಗಂಟೆ ನಿಂತವನಿಗೆ ಇನ್ನೇನಾಗಲು ಸಾಧ್ಯ? 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಅದೇ ವರ್ಷ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು, ರೇಷ್ಮೆಗೂಡುಗಳಿಗೆ ಸುದ್ದಿ ಮುಟ್ಟಿತೋ ಇಲ್ಲವೋ. ಗುಂಡಿ, ಕಸ ಎಂದು ಅರ್ಜಿ ಬರೆಯುವವರಿಗೆ ಒಂದು ಅನುಕೂಲವಿದೆ: ಮೇಲಿನ ವಿಳಾಸ ಬದಲಿಸಿದರೆ ಸಾಕು, ಕೆಳಗಿನ ಒಕ್ಕಣೆ ಹಾಗೇ ಇಟ್ಟುಕೊಳ್ಳಬಹುದು.

ಅಂಗಡಿ ಏನಾಯಿತು ಅಂದರೆ, ಏನೂ ಆಗಲಿಲ್ಲ. ಜನ ಈಗಲೂ ಹಪ್ಪಳದಂಗಡಿ ಅನ್ನುತ್ತಾರೆ. ಹೊಸಬರಿಗೆ ದಾರಿ ಹೇಳುವಾಗ 'ಆ ಗ್ಯಾಸ್ ಏಜೆನ್ಸಿ ಥರ ಬೋರ್ಡಿದೆಯಲ್ಲ, ಅದೇ' ಅನ್ನುತ್ತಾರೆ, ಅಷ್ಟೇ ಲಾಭ.

ಹೋದ ತಿಂಗಳು ಇಂದಿರಾನಗರದಲ್ಲಿ ಒಬ್ಬರ ಮನೆ ಗೃಹಪ್ರವೇಶ ಮುಗಿಸಿ, ಕಾಫಿ ಸರಿಹೋಗಲಿಲ್ಲ ಎಂದು ಚಿಕ್ಕಪ್ಪ ನನ್ನನ್ನು ಪಕ್ಕದ ಹೋಟೆಲಿಗೆ ಎಳೆದುಕೊಂಡು ಹೋದರು. ಶುರುವಾಗಿ ನಾಲ್ಕು ತಿಂಗಳಾದ, ಎಂಬತ್ತು ವರ್ಷ ಹಳೆಯ ಹೋಟೆಲು. ರೆಡ್ ಆಕ್ಸೈಡ್ ನೆಲ, ಗುಂಡನೆಯ ಕಪ್ಪು ಸ್ವಿಚ್ಚುಗಳು, ಬೇಕೆಂದೇ ಸುಣ್ಣ ಕೆರೆದ ಗೋಡೆ. ಆ ಗೋಡೆಯ ಮೇಲೆ ಹಳದಿಗೆ ಕೆಂಪು ನೆರಳು, ಮೂಲೆಯಲ್ಲಿ ಆರಂಕಿಯ ಫೋನ್ ನಂಬರು. ಒಂಬತ್ತು ಕೆಜಿ ತಗಡು, ಕೆಜಿಗೆ 28ರಂತೆ 252 ರೂಪಾಯಿಗೆ ಮಗ ಗುಜರಿಗೆ ಹಾಕಿದ್ದ ಬೋರ್ಡು. ಅದರ ಕೆಳಗೆ ನಿಂತು ಇಬ್ಬರು ಹುಡುಗಿಯರು ಸೆಲ್ಫಿ ತೆಗೆಯುತ್ತಿದ್ದರು.

ಚಿಕ್ಕಪ್ಪ ಮ್ಯಾನೇಜರನ್ನು ಕರೆದು, ಅದನ್ನು ಎಷ್ಟಕ್ಕೆ ಕೊಡ್ತೀರಪ್ಪಾ ಎಂದು ಕೇಳಿದರು.

"ಅಯ್ಯೋ, ಅದು ಕೊಡೋಕಾಗಲ್ಲ ಸಾರ್. ನಮ್ಮ ಬ್ರ್ಯಾಂಡ್ ಐಡೆಂಟಿಟೀನೇ ಅದು."

ಚಿಕ್ಕಪ್ಪ ಮಾತಾಡದೆ ಬಂದು ಕೂತು ಮೆನು ಬಿಡಿಸಿದರು. ಮೊದಲ ಸಾಲಿನಲ್ಲಿ 'ತಟ್‌ಟೆ ಇಡ್‌ಲಿ, 260' ಎಂದಿತ್ತು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಓದಿದರು.

"ಇವರಿಗೂ ಅವರೇ ಕಣೋ" ಅಂದರು.